ಮಾಡದ ತಪ್ಪಿಗೆ ಹುದ್ದೆ ಕಳೆದುಕೊಂಡ ಲಸಿಕೆ ವಿಜ್ಞಾನಿ ಹಾಫ್‌ಕಿನ್

ಜಹ್ರಾದಲ್ಲಿ ದುಡಿಯುವ ನಮ್ಮವರ ಹಾಗೆಯೇ ವಾಲ್ಡೆಮಾರ್ ಹಾಫ್‌ಕಿನ್ ಕೂಡ ಕೆಲಸಕ್ಕಾಗಿ ಊರು ಬಿಟ್ಟವರು. 1860ರಲ್ಲಿ ಈಗಿನ ಉಕ್ರೇನಿನ ಒಡೆಸಾದಲ್ಲಿ ಹುಟ್ಟಿದರು. ಯಹೂದಿ ಆಗಿದ್ದಕ್ಕೆ ಅಲ್ಲಿ ಒಳ್ಳೆ ಹುದ್ದೆ ಸಿಗಲಿಲ್ಲ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಸಂಶೋಧನೆ ಮಾಡಿದರು. 1892ರಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬೈಗೆ ಪ್ಲೇಗ್ ಕಾಲಿಟ್ಟಿತು. ಹಾಫ್‌ಕಿನ್ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿದರು. ಪ್ಲೇಗ್ ರೋಗಾಣುಗಳನ್ನು ಬೆಳೆಸಿ, ಬಿಸಿ ಮಾಡಿ ಕೊಂದು, ಆ ದ್ರವ ಚುಚ್ಚುವುದು. ಸತ್ತ ರೋಗಾಣುವನ್ನು ಗುರುತು ಹಿಡಿದ ದೇಹ, ನಿಜವಾದ ರೋಗಕ್ಕೆ ಮೊದಲೇ ಸಜ್ಜಾಗುತ್ತದೆ. 1897ರ ಜನವರಿ 10ರಂದು ಮತ್ತೆ ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡರು. 1898ರಲ್ಲಿ ಪ್ಲೇಗ್ ಹೊಡೆತಕ್ಕೆ ಸಿಕ್ಕ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಎಲ್ಲರಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ. ತಪ್ಪೆಲ್ಲ ಹಾಫ್‌ಕಿನ್ ತಲೆಗೆ ಬಂತು, ಹುದ್ದೆಯೂ ಹೋಯಿತು. ಅವರು ಸುಮ್ಮನೆ ಕೂರಲಿಲ್ಲ, ವರ್ಷಗಟ್ಟಲೆ ಹೋರಾಡಿದರು. ಬಾಟಲಿ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದ ವಿಷಯ ಬಯಲಾಗಿತ್ತು. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ಬೆನ್ನಿಗೆ ನಿಂತರು. 1907ರಲ್ಲಿ ಕಳಂಕ ಕಳೆಯಿತು. ಕಲ್ಕತ್ತಾಗೆ ಮರಳಿ ದುಡಿದರು, ಆದರೆ ಮುಂಬೈಯ ಹಳೇ ಹುದ್ದೆ ಕೈಗೆ ಬರಲಿಲ್ಲ.

ಅವರು ಕಟ್ಟಿದ ಪರೇಲ್‌ನ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದೇ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅವರು ಕಣ್ಣುಮುಚ್ಚಿದರು. ಹುದ್ದೆ ಕಿತ್ತುಕೊಂಡ ಊರಲ್ಲೇ ಹೆಸರು ಉಳಿಯಿತು.