ಶ್ರೀ ಪುರಂದರದಾಸರು: ನಾಯಕನು ದಾಸನಾದ ಬಗೆ

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹುಟ್ಟಿನಿಂದ ಬಂದ ಗುಣವಿರಲಿ, ನಡುವೆ ಅಂಟಿಕೊಂಡ ಚಾಳಿಯನ್ನು ಬಿಡುವುದೂ ಎಷ್ಟು ಕಷ್ಟವೆಂಬುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿಯೇ ಆಗಿದೆ. ಆದರೆ ಆ ಗಾದೆಯನ್ನೇ ಸುಳ್ಳು ಮಾಡಿದ ಒಂದು ಬಾಳು ಅದೇ ಕನ್ನಡನಾಡಿನಲ್ಲಿ, 16ನೆಯ ಶತಮಾನದಲ್ಲಿ, ತುಂಗಭದ್ರೆಯ ತೀರದಲ್ಲಿ ಬೆಳಗಿತು. ನಾಲ್ವತ್ತು ವರ್ಷಗಳ ಕಾಲ ಸಂಗ್ರಹಿಸುವುದೊಂದನ್ನೇ ಕಲಿತಿದ್ದ ವ್ಯಕ್ತಿಯೊಬ್ಬನು ಉಳಿದ ನಾಲ್ವತ್ತು ವರ್ಷಗಳಲ್ಲಿ ಕೊಡುವುದನ್ನೂ, ಬೇಡುವುದನ್ನೂ, ಹಾಡುವುದನ್ನೂ ಕಲಿತನು. ಕಲಿತದ್ದನ್ನು ಲೋಕಕ್ಕೆ ಕಲಿಸಿದನು. ಅವರೇ ಕರ್ನಾಟಕ ಸಂಗೀತ ಪಿತಾಮಹರೆಂದು ಪೂಜ್ಯರಾದ ಶ್ರೀ ಪುರಂದರದಾಸರು.

ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ಸಂಪ್ರದಾಯವು ಅವರ ಜನ್ಮವರ್ಷವನ್ನು 1484 ಎಂದು ಹೇಳುತ್ತದೆ. ತಂದೆ ವರದಪ್ಪ ನಾಯಕರು ಚಿನ್ನ ಮತ್ತು ರತ್ನಗಳ ವ್ಯಾಪಾರದಲ್ಲಿ ಹೆಸರಾದವರು. ದಾಸರ ಜನ್ಮಸ್ಥಳವು ಪುಣೆಯ ಸಮೀಪದ ಪುರಂದರಗಡವೆಂಬುದು ಬಹುಕಾಲದಿಂದ ನಡೆದುಬಂದ ನಂಬಿಕೆ. ಮಲೆನಾಡಿನ ತೀರ್ಥಹಳ್ಳಿಯ ಸಮೀಪದ ಆರಗದ ಪ್ರದೇಶವೆಂಬುದು ಮತ್ತೆ ಕೆಲವು ವಿದ್ವಾಂಸರ ವಾದ. ಹುಟ್ಟಿದ ಊರು ಯಾವುದಾದರೂ ಅವರ ಬಾಳು ಹಣ್ಣಾದದ್ದು ವಿಜಯನಗರದಲ್ಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಂದೆಯ ಬಳಿಕ ವ್ಯವಹಾರವು ಶ್ರೀನಿವಾಸ ನಾಯಕನ ಕೈಗೆ ಬಂದಿತು. ಒಡವೆಗಳನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವುದು, ಬಡ್ಡಿಯನ್ನು ಕಾಸಿಗೆ ಕಾಸು ಲೆಕ್ಕ ಹಾಕಿ ವಸೂಲು ಮಾಡುವುದು, ಹರಳಿನ ಗುಣವನ್ನು ನೋಡಿದೊಡನೆ ಬೆಲೆ ಕಟ್ಟುವುದು, ಇವುಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜನರು ಅವನನ್ನು ನವಕೋಟಿ ನಾರಾಯಣನೆಂದು ಕರೆದರು. ಅದು ಸಂಪತ್ತಿಗೆ ಸಂದ ಬಿರುದೇ ಹೊರತು ಗುಣಕ್ಕೆ ಸಂದದ್ದಲ್ಲ. ಅವನಿಗೆ ತಿಜೋರಿಯ ಬಾಗಿಲನ್ನು ಹಾಕಲು ಮಾತ್ರ ಬರುತ್ತಿತ್ತು, ತೆರೆಯಲು ಬರುತ್ತಿರಲಿಲ್ಲ. ಅವನೇನೂ ಕಳ್ಳನಲ್ಲ, ಸುಳ್ಳುಗಾರನಲ್ಲ, ದುರ್ವ್ಯಸನಿಯಲ್ಲ. ವ್ಯವಹಾರದಲ್ಲಿ ನಿಪುಣನೆಂದು ಲೋಕವೇ ಮೆಚ್ಚಿಕೊಂಡಿದ್ದುದರಿಂದ ತನ್ನಲ್ಲಿ ದೋಷವೊಂದಿದೆಯೆಂಬ ಅರಿವೇ ಅವನಿಗೆ ಉಂಟಾಗಲು ಅವಕಾಶವಿರಲಿಲ್ಲ. ಲೋಕವು ನಿಂದಿಸುವ ಚಾಳಿಯನ್ನು ಬಿಡುವುದು ಕಷ್ಟ. ಲೋಕವು ಹೊಗಳುವ ಚಾಳಿಯನ್ನು ಬಿಡುವುದು ಇನ್ನೂ ಕಷ್ಟ.

ಅವನ ಧರ್ಮಪತ್ನಿ ಸರಸ್ವತೀಬಾಯಿಯವರು ದೈವಭಕ್ತೆ, ಉದಾರಹೃದಯದವರು. ದಂಪತಿಗಳ ಬಾಳನ್ನು ಬದಲಿಸಿದ ಮೂಗುತಿಯ ಕಥೆಯು ಕನ್ನಡಿಗರ ಮನೆಮನೆಯಲ್ಲಿಯೂ ಪ್ರಸಿದ್ಧವಾಗಿದೆ. ಬಡಬ್ರಾಹ್ಮಣನೊಬ್ಬನು ಮಗನ ಉಪನಯನಕ್ಕಾಗಿ ಸಹಾಯವನ್ನು ಯಾಚಿಸುತ್ತಾ ನಾಯಕನ ಅಂಗಡಿಗೆ ಬಂದನು. ನಾಯಕನು ಇಲ್ಲವೆನ್ನಲಿಲ್ಲ, ಕೊಡಲೂ ಇಲ್ಲ, ನಾಳೆ ಬಾರೆಂದನು. ಆ ನಾಳೆಯು ಆರು ತಿಂಗಳವರೆಗೆ ಬೆಳೆಯಿತು. ಕಡೆಗೆ ಬ್ರಾಹ್ಮಣನು ನಾಯಕನ ಮನೆಗೇ ಹೋಗಿ ಸರಸ್ವತೀಬಾಯಿಯವರಲ್ಲಿ ತನ್ನ ಕಷ್ಟವನ್ನು ತೋಡಿಕೊಂಡನು. ಅಷ್ಟು ದೊಡ್ಡ ಸಿರಿವಂತನ ಮಡದಿಗೆ ತನ್ನದೆಂದು ಕೊಡಲು ಇದ್ದುದು ತವರಿನಿಂದ ಬಂದ ಮೂಗುತಿಯೊಂದೇ. ಆಕೆ ಅದನ್ನೇ ಬಿಚ್ಚಿಕೊಟ್ಟರು.

ಬ್ರಾಹ್ಮಣನು ಮೂಗುತಿಯನ್ನು ಹಣ ಮಾಡಿಕೊಳ್ಳಲು ಬಂದದ್ದು ನಾಯಕನ ಅಂಗಡಿಗೇ. ರತ್ನಪರೀಕ್ಷೆಯಲ್ಲಿ ಪಳಗಿದ ಕಣ್ಣು ಅದನ್ನು ಕ್ಷಣಮಾತ್ರದಲ್ಲಿ ಗುರುತಿಸಿತು. ನಾಯಕನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬ್ರಾಹ್ಮಣನಿಗೆ ಮರುದಿನ ಬರಲು ಹೇಳಿ, ನೇರವಾಗಿ ಮನೆಗೆ ಬಂದು ಹೆಂಡತಿಯನ್ನು ಮೂಗುತಿಯೆಲ್ಲಿಯೆಂದು ಕೇಳಿದನು. ದಾನ ಮಾಡಿದೆನೆಂದು ಹೇಳಲು ಗಂಡನ ಭಯ. ಸುಳ್ಳಾಡಲು ದೇವರ ಭಯ. ಆ ಸಾಧ್ವಿಯು ಒಳಗೆ ಹೋಗಿ ದೇವರ ಮುಂದೆ ವಿಷದ ಬಟ್ಟಲನ್ನು ಕೈಗೆತ್ತಿಕೊಂಡಳು. ಆಗ ಬಟ್ಟಲಿನೊಳಗೆ ಏನೋ ಬಿದ್ದ ಸದ್ದಾಯಿತು. ನೋಡಿದರೆ ಅದೇ ಮೂಗುತಿ! ಅದನ್ನು ಗಂಡನ ಕೈಗಿತ್ತಳು. ನಾಯಕನು ಅಂಗಡಿಗೆ ಓಡಿ ಪೆಟ್ಟಿಗೆಯನ್ನು ತೆರೆದನು. ಬೀಗವು ಹಾಕಿದ ಹಾಗೆಯೇ ಇತ್ತು; ಪೆಟ್ಟಿಗೆಯು ಬರಿದಾಗಿತ್ತು. ಬ್ರಾಹ್ಮಣನು ಮತ್ತೆಂದೂ ಬರಲಿಲ್ಲ. ಬಂದವನು ಸಾಕ್ಷಾತ್ ಶ್ರೀಹರಿಯೇ ಎಂದು ನಾಯಕನಿಗೆ ಮನವರಿಕೆಯಾಯಿತು.

ಭಕ್ತರು ಈ ಪ್ರಸಂಗದ ಪವಾಡವನ್ನು ಕೊಂಡಾಡುವುದು ಸಹಜವೇ ಆಗಿದೆ. ಆದರೆ ಅದರಲ್ಲಿ ಮನನ ಮಾಡಬೇಕಾದ ಇನ್ನೊಂದು ಅಂಶವೂ ಉಂಟು. ಅಂದು ನಾಯಕನು ಅರಿತದ್ದು ದೇವರ ಮಹಿಮೆಯನ್ನು ಮಾತ್ರವಲ್ಲ. ತನ್ನ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಸತ್ಯವನ್ನಾಡುವುದಕ್ಕಿಂತ ಸಾಯುವುದೇ ಸುಲಭವೆಂದು ಬಗೆಯುವಷ್ಟು ತಾನು ಕಠಿಣನಾಗಿದ್ದೇನೆಂಬುದನ್ನೂ ಅರಿತನು. ಯಾವ ಲೆಕ್ಕದ ಪುಸ್ತಕವೂ ತೋರಿಸದಿದ್ದ ಬಾಕಿ ಅದು. ಅವನು ಸಮಸ್ತ ಸಂಪತ್ತನ್ನೂ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲಿ ಮನೆಯಿಂದ ಹೊರಟನು.

ಸಂಪತ್ತನ್ನು ಬಿಡುವುದು ಒಂದು ದಿನದ ಕೆಲಸ. ಸಂಪತ್ತಿನ ಚಿಂತೆಯನ್ನು ಬಿಡುವುದು ಒಂದು ದಿನದ ಕೆಲಸವಲ್ಲ. ಅಡವಿಯ ದಾರಿಯಲ್ಲಿ ಕತ್ತಲಾದಾಗ ಸರಸ್ವತೀಬಾಯಿಯವರಿಗೆ ಕಳ್ಳರ ಭಯವುಂಟಾಯಿತೆಂದು ಐತಿಹ್ಯವು ಹೇಳುತ್ತದೆ. ಏನೂ ಇಲ್ಲದವರಿಗೆ ಕಳ್ಳರ ಭಯವೇಕೆಂದು ವಿಚಾರಿಸಲು, ಮಕ್ಕಳಿಗೆ ನೀರು ಕುಡಿಸುವುದಕ್ಕಾಗಿ ಆಕೆ ಚಿನ್ನದ ಬಟ್ಟಲೊಂದನ್ನು ತಂದಿದ್ದುದು ತಿಳಿಯಿತು. ಅದನ್ನು ಅಲ್ಲಿಯೇ ಎಸೆಯಿಸಿದ ಬಳಿಕ ಭಯವೂ ಅದರೊಡನೆಯೇ ಹೋಯಿತು. ಗಂಡನಿಗೆ ಮೊದಲ ಪಾಠವನ್ನು ಕಲಿಸಿದ ಹೆಂಡತಿಯು ಎರಡನೆಯ ಪಾಠವನ್ನು ಗಂಡನೊಡನೆ ಕಲಿತಳು. ಈ ಸಂಸಾರವು ದಾರಿಯಲ್ಲಿ ಕೂಡಿಯೇ ನಡೆಯಿತೆಂಬುದು ಗಮನಾರ್ಹವಾದ ಸಂಗತಿ.

ಅವರು ಬಂದು ಸೇರಿದ್ದು ವಿಜಯನಗರ. ಶ್ರೀ ಕೃಷ್ಣದೇವರಾಯನು (1509-1529) ಆಳುತ್ತಿದ್ದ, ಮಹಾನವಮಿಯ ವೈಭವಕ್ಕೆ ಪರದೇಶದ ಪ್ರವಾಸಿಗಳೂ ಬೆರಗಾದ ಕಾಲವದು. ಅಂತಹ ರಾಜಧಾನಿಯಲ್ಲಿ ಶ್ರೀ ವ್ಯಾಸರಾಯರು ಗುರುಪೀಠದಲ್ಲಿದ್ದರು. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳಂತಹ ಪ್ರೌಢಗ್ರಂಥಗಳನ್ನು ರಚಿಸಿದ ಆ ಮಹಾಪಂಡಿತರು ಕನ್ನಡದಲ್ಲಿ ದೇವರನಾಮಗಳನ್ನೂ ರಚಿಸಿದವರು, ಕನಕದಾಸರಿಗೂ ಆಶ್ರಯವಿತ್ತವರು. 1525ರಲ್ಲಿ ಅವರಿಂದ ಶ್ರೀನಿವಾಸ ನಾಯಕನಿಗೆ ದಾಸದೀಕ್ಷೆಯೂ ಪುರಂದರ ವಿಠಲನೆಂಬ ಅಂಕಿತವೂ ದೊರೆತವೆಂಬುದು ಸಂಪ್ರದಾಯದ ಮಾತು. ಆಗ ದಾಸರ ವಯಸ್ಸು ನಾಲ್ವತ್ತನ್ನು ದಾಟಿತ್ತು. ಹೊಸದಾಗಿ ಕಲಿಯುವ ವಯಸ್ಸು ಮುಗಿಯಿತೆಂದು ಸಾಮಾನ್ಯರು ಕೈಚೆಲ್ಲುವ ಕಾಲದಲ್ಲಿ ಅವರು ಅಕ್ಷರಾಭ್ಯಾಸಕ್ಕೆ ಕುಳಿತ ಬಾಲಕನಂತೆ ಹೊಸ ಬಾಳಿಗೆ ತೊಡಗಿದರು.

ದಾಸರ ದಿನಚರಿಯು ಕಠಿಣವಾಗಿತ್ತು. ಕಾಲಿಗೆ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಯಲ್ಲಿ ತಾಳ. ಹರಿನಾಮವನ್ನು ಹಾಡುತ್ತಾ ಬೀದಿಯಲ್ಲಿ ನಡೆಯುವುದು. ಮನೆಗಳವರು ನೀಡಿದ ಅಕ್ಕಿಯನ್ನು ಸ್ವೀಕರಿಸುವುದು. ಅಂದಿನ ಭಿಕ್ಷೆಯನ್ನು ಅಂದೇ ದೇವರಿಗೆ ನಿವೇದಿಸಿ, ಅತಿಥಿಗಳಿಗಿಕ್ಕಿ, ತಾವು ಉಣ್ಣುವುದು. ನಾಳೆಗೆಂದು ಒಂದು ಹಿಡಿಯನ್ನೂ ಉಳಿಸದಿರುವುದು. ಹೂವಿಂದ ಹೂವಿಗೆ ಹಾರಿ ಸ್ವಲ್ಪ ಸ್ವಲ್ಪವೇ ಸವಿಯುವ ದುಂಬಿಯ ಈ ವೃತ್ತಿಗೆ ಮಧುಕರವೃತ್ತಿಯೆಂದು ಹೆಸರು. ಕೂಡಿಡುವ ಚಾಳಿಗೆ ಇದಕ್ಕಿಂತ ತಕ್ಕ ಔಷಧವು ಇನ್ನೊಂದಿರಲಾರದು. ಸಾಲ ಕೇಳಲು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿದವರೇ ಈಗ ಪರರ ಹೊಸ್ತಿಲಲ್ಲಿ ನಿಂತರು. ಮೊದಮೊದಲು ತಂಬೂರಿ ಹಿಡಿದು ಬೀದಿಗಿಳಿಯಲು ತಮಗಿದ್ದ ನಾಚಿಕೆಯನ್ನು ಅವರು ತಮ್ಮ ಕೀರ್ತನೆಯೊಂದರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ತಮ್ಮನ್ನು ಈ ದಾರಿಗೆ ತಂದವಳು ಹೆಂಡತಿಯೇ ಎಂದು ಅಲ್ಲಿಯೇ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಈ ಅಭ್ಯಾಸವು ಎಷ್ಟು ಗಟ್ಟಿಯಾಯಿತೆಂಬುದನ್ನು ಇನ್ನೊಂದು ಐತಿಹ್ಯವು ತಿಳಿಸುತ್ತದೆ. ದಾಸರ ವೈರಾಗ್ಯವನ್ನು ಪರೀಕ್ಷಿಸಲು ಅರಸನು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ನೀಡಿಸಿದನಂತೆ. ಹಲವು ದಿನಗಳ ಬಳಿಕ ಗುರುಗಳೊಡನೆ ದಾಸರ ಮನೆಗೆ ಬಂದು ನೋಡಿದರೆ, ಸರಸ್ವತೀಬಾಯಿಯವರು ಮೊರದಲ್ಲಿ ಅಕ್ಕಿಯನ್ನು ಹಸನು ಮಾಡುತ್ತಾ, ಈಚೆಗೆ ಅಕ್ಕಿಯಲ್ಲಿ ಕಲ್ಲು ಹೆಚ್ಚಾಗಿದೆಯೆಂದು ಆ ಹರಳುಗಳನ್ನು ಆರಿಸಿ ಕಸದೊಡನೆ ಎಸೆಯುತ್ತಿದ್ದರಂತೆ. ಒಂದು ಮೂಗುತಿಯ ಹರಳಿಗಾಗಿ ಮಡದಿಯ ಪ್ರಾಣಕ್ಕೇ ಎರವಾಗಲಿದ್ದ ಮನೆತನದಲ್ಲಿ ಈಗ ರತ್ನಕ್ಕೂ ನೊರಜುಗಲ್ಲಿಗೂ ವ್ಯತ್ಯಾಸವಿರಲಿಲ್ಲ.

ಲೋಭವನ್ನು ಗೆದ್ದವರಿಗೆ ಎಲ್ಲವೂ ಗೆದ್ದಂತಾಯಿತೇ? ದಾಸರ ಚರಿತ್ರೆಯು ಹಾಗೆ ಹೇಳುವುದಿಲ್ಲ. ಪಂಢರಪುರದಲ್ಲಿದ್ದಾಗ ಒಂದು ರಾತ್ರಿ ದಾಸರು ಶಿಷ್ಯನಾದ ಅಪ್ಪಣ್ಣನನ್ನು ನೀರು ತರಲು ಕೂಗಿದರು. ನೀರು ಬರಲು ತಡವಾಯಿತು. ಕೋಪವುಕ್ಕಿ, ನೀರು ತಂದವನನ್ನು ಆ ಪಾತ್ರೆಯಿಂದಲೇ ಹೊಡೆದರು. ಬೆಳಗಾದ ಮೇಲೆ ಅಪ್ಪಣ್ಣನು ತಾನು ರಾತ್ರಿಯೆಲ್ಲ ನಿದ್ರಿಸುತ್ತಿದ್ದೆನೆಂದು ತಿಳಿಸಿದಾಗ, ನೀರು ತಂದವನೂ ಪೆಟ್ಟು ತಿಂದವನೂ ವಿಠಲನೇ ಎಂದು ತಿಳಿದು ದಾಸರು ತಲ್ಲಣಿಸಿದರು. ಮುಂದೆ ದೇವರ ಬಂಗಾರದ ಕಡಗವು ಕಾಣೆಯಾದ ಅಪವಾದವು ಅವರ ಮೇಲೆಯೇ ಬಂದು, ದೇವಾಲಯದ ಕಂಬಕ್ಕೆ ಕಟ್ಟಿ ಹೊಡೆಸಿಕೊಳ್ಳುವ ಪ್ರಸಂಗವೂ ಒದಗಿತೆಂದು ಕಥೆಯು ಹೇಳುತ್ತದೆ. ಮಹಾತ್ಮರ ಚರಿತ್ರೆಯಲ್ಲಿ ಇಂತಹ ಕಥೆಯನ್ನು ಹಿರಿಯರು ಮರೆಮಾಡದೆ ಉಳಿಸಿಕೊಂಡು ಬಂದಿರುವುದಕ್ಕೆ ಕಾರಣವಿದೆ. ಒಂದು ದುರ್ಗುಣವನ್ನು ಬಿಟ್ಟವನಲ್ಲಿ ಇನ್ನೊಂದು ಅಡಗಿ ಕುಳಿತಿರಬಹುದು. ಎಡವಿದ್ದು ಸೋಲಲ್ಲ, ಎಡವಿದ ಕಲ್ಲನ್ನು ಗುರುತಿಸದಿರುವುದೇ ಸೋಲು. ದಾಸರು ಗುರುತಿಸಿದರು, ತಲೆಬಾಗಿದರು, ಮುಂದೆ ನಡೆದರು.

ತಾವು ಕಲಿತ ಬಗೆಯೇ ಅವರು ಕಲಿಸಿದ ಬಗೆಗೂ ಮೂಲವಾಯಿತೆಂದರೆ ತಪ್ಪಾಗಲಾರದು. ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳು ಎಲ್ಲಿಯೇ ಇರಲಿ, ಮಾಯಾಮಾಳವಗೌಳ ರಾಗದ ಸರಳೆವರಸೆಯಿಂದಲೇ ಆರಂಭಿಸುತ್ತಾರೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಸಂಗೀತಗಾರರೆಲ್ಲರ ನಂಬಿಕೆ. ಆ ರಾಗದಲ್ಲಿ ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪಂಚಮದಿಂದ ಮೇಲಿನ ಷಡ್ಜದವರೆಗೂ ಅಷ್ಟಷ್ಟೇ ಅಂತರವಿದೆ. ಆದುದರಿಂದ ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧವು ಅಪರಿಚಿತವೆನಿಸುವುದಿಲ್ಲ. ಸರಳೆಯ ಬಳಿಕ ಜಂಟಿವರಸೆ, ಆ ಮೇಲೆ ಏಳು ತಾಳಗಳಲ್ಲಿ ಅಲಂಕಾರ, ಅನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಒಂದೇ ಪಾಠವನ್ನು ಮೊದಲು ವಿಳಂಬದಲ್ಲಿ, ಬಳಿಕ ಅದರ ದುಪ್ಪಟ್ಟು ವೇಗದಲ್ಲಿ, ಮತ್ತೆ ಅದರ ದುಪ್ಪಟ್ಟಿನಲ್ಲಿ ಸಾಧಿಸಬೇಕು. ಒಮ್ಮೆಗೇ ಹಾರಲು ಇಲ್ಲಿ ಎಡೆಯಿಲ್ಲ; ನಿತ್ಯವೂ ಒಂದೊಂದು ಮೆಟ್ಟಿಲು. ಮನುಷ್ಯನ ಸ್ವಭಾವವು ಉಪದೇಶದಿಂದ ಬದಲಾಗುವುದಕ್ಕಿಂತ ಪ್ರತಿದಿನದ ಚಿಕ್ಕ ಸಾಧನೆಯಿಂದ ಬದಲಾಗುವುದೇ ಹೆಚ್ಚೆಂಬುದನ್ನು ತಮ್ಮ ದೇಹದಲ್ಲಿಯೇ ಕಂಡುಕೊಂಡವರು ರೂಪಿಸಿದ ಕ್ರಮವಿದು.

ದಾಸರು ರಚಿಸಿದ ಕೃತಿಗಳು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂದು ಸಂಪ್ರದಾಯವು ಎಣಿಸಿದರೂ ಉಳಿದುಬಂದಿರುವುವು ಅದರಲ್ಲಿ ಅತ್ಯಲ್ಪ ಭಾಗ ಮಾತ್ರ. ಅವುಗಳಲ್ಲಿ ಹಳೆಯ ವ್ಯಾಪಾರಿಯ ಮಾತು ಕೇಳಿಸದೆ ಇರುವುದಿಲ್ಲ. ಕಲ್ಲುಸಕ್ಕರೆಯನ್ನು ಮಾರುವವನ ಕೂಗು ಅಲ್ಲಿ ಹರಿನಾಮವನ್ನು ಮಾರುವ ಕೂಗಾಗಿದೆ. ಭಿಕ್ಷೆಗೆ ಬೇಡುವ ರಾಗಿಯು ಸದ್ಗುಣಗಳನ್ನು ಬೇಡುವ ನೆವವಾಗಿದೆ. ವ್ಯಾಪಾರದ ಜಾಣ್ಮೆಯನ್ನು ಅವರು ಕೊಂದುಹಾಕಲಿಲ್ಲ. ಅದಕ್ಕೆ ಬೇರೆ ಸರಕನ್ನು ಒದಗಿಸಿದರು. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ತೊಡುವವರನ್ನು ಕಟುವಾಗಿ ಹಳಿದರು. ಹೆಂಡತಿ ಮಕ್ಕಳನ್ನು ತೊರೆದು ಕಾಡಿಗೆ ಹೋಗಬೇಕೆಂದು ಅವರು ಯಾರಿಗೂ ಬೋಧಿಸಲಿಲ್ಲ. ಸಂಸಾರದ ಹೊಳೆಗೆ ಇಳಿದವನು ಈಜನ್ನು ಕಲಿತು ದಡ ಸೇರಬೇಕೆಂಬುದೂ, ನೀರಿನಲ್ಲಿದ್ದೂ ನೀರನ್ನು ಅಂಟಿಸಿಕೊಳ್ಳದ ತಾವರೆಯ ಎಲೆಯಂತೆ ಬಾಳಬೇಕೆಂಬುದೂ ಅವರ ಬೋಧೆಯ ಸಾರ.

ಗುರುಗಳಾದ ವ್ಯಾಸರಾಯರು ಶಿಷ್ಯನ ದಾಸತ್ವವನ್ನು ಮೆಚ್ಚಿ ಕೀರ್ತನೆಯನ್ನೇ ರಚಿಸಿದರು. 1539ರಲ್ಲಿ ಅವರು ವೃಂದಾವನಸ್ಥರಾದ ಬಳಿಕವೂ ದಾಸರು ಕಾಲು ಶತಮಾನದವರೆಗೆ ಹಾಡುತ್ತಾ ಬಾಳಿ, 1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ಹಂಪೆಯಲ್ಲಿ ಹರಿಪಾದವನ್ನು ಸೇರಿದರು. ಮರುವರ್ಷದ ಜನವರಿಯಲ್ಲಿಯೇ, ಎಂದರೆ 1565ರಲ್ಲಿ, ತಾಳಿಕೋಟೆಯ ಯುದ್ಧವು ನಡೆದು ವಿಜಯನಗರವು ಹಾಳಾಯಿತು. ಮುತ್ತು ರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದರೆಂದು ಹೆಸರಾದ ಆ ಪೇಟೆಗಳ ಕಂಬಗಳು ಮಾತ್ರ ಉಳಿದುವು. ನವಕೋಟಿಯನ್ನು ಕೂಡಿಟ್ಟಿದ್ದರೆ ಅದೂ ಆ ಬೆಂಕಿಯಲ್ಲಿಯೇ ಬೂದಿಯಾಗುತ್ತಿತ್ತು. ಹಾಡಿ ಹಂಚಿದ್ದು ಮಾತ್ರ ಸುಡಲಿಲ್ಲ. ವಿಜಯದಾಸರು ಅವರನ್ನೇ ಗುರುವೆಂದು ನೆನೆದು ದಾಸಪರಂಪರೆಯನ್ನು ಮುಂದುವರಿಸಿದರು. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಅವರಿಗೆ ನಮನ ಸಲ್ಲಿಸಿದರು. 1964ರಲ್ಲಿ ಭಾರತ ಸರ್ಕಾರದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಹಂಪೆಯ ವಿಜಯವಿಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿ, ಪುರಂದರ ಮಂಟಪವು ಇಂದಿಗೂ ನಿಂತಿದೆ. ಹೊಳೆ ತುಂಬಿ ಹರಿದಾಗ ಅದು ನೀರಿನಲ್ಲಿ ಮುಳುಗುತ್ತದೆ. ನೀರಿಳಿದಾಗ ಮತ್ತೆ ಕಾಣಿಸುತ್ತದೆ.

ಹುಟ್ಟೂರನ್ನು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಬಾಳಿನಲ್ಲಿ ಗಳಿಕೆಯ ಚಿಂತೆ, ನಾಳೆಯ ಭಯ, ಮನೆಯವರ ಮಾತಿಗೆ ಕಿವಿಗೊಡಲೂ ಸಮಯವಿಲ್ಲದ ಓಟ, ಇವೆಲ್ಲವೂ ಇದ್ದದ್ದೇ. ದಾಸರಂತೆ ಎಲ್ಲವನ್ನೂ ತುಲಸೀದಳದೊಡನೆ ಧಾರೆಯೆರೆಯುವುದು ಎಲ್ಲರಿಗೂ ಆಗದ ಮಾತು. ಆದರೆ ಕೇಳಲು ಬಂದವನಿಗೆ ನಾಳೆ ಬಾರೆನ್ನದಿರುವುದು, ಮನೆಯಲ್ಲಿ ಯಾರೂ ಸತ್ಯ ಹೇಳಲು ಅಂಜದಂತೆ ನಡೆದುಕೊಳ್ಳುವುದು, ದಿನಕ್ಕೊಂದು ಸರಳೆಯಂತೆ ಒಂದು ಒಳ್ಳೆಯ ನಡತೆಯನ್ನು ವಿಳಂಬಕಾಲದಲ್ಲಿಯಾದರೂ ಸಾಧಿಸುವುದು, ಇಷ್ಟು ಎಲ್ಲರಿಂದಲೂ ಆಗುವ ಕೆಲಸ. ನವರಾತ್ರಿಯ ಈ ಪುಣ್ಯದಿನಗಳಲ್ಲಿ ಪುರಂದರ ವಿಠಲನು ಸರ್ವರಿಗೂ ಅಂತಹ ಆರಂಭವನ್ನು ಅನುಗ್ರಹಿಸಲಿ.