ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಕೋಲಾರದ ಚಿನ್ನ

ಮೈಸೂರು ಸಂಸ್ಥಾನದ ದಿವಾನರಾಗಿ 1883ರಿಂದ 1901ರವರೆಗೆ ಸೇವೆ ಸಲ್ಲಿಸಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಆಧುನಿಕ ಮೈಸೂರಿನ ನಿರ್ಮಾಪಕರಲ್ಲಿ ಅಗ್ರಗಣ್ಯರು. ಸುಮಾರು 18 ವರ್ಷಗಳ ಅವರ ಆಡಳಿತವು ಸಂಸ್ಥಾನದ ಇತಿಹಾಸದಲ್ಲಿ ಅತಿ ದೀರ್ಘವಾದ ದಿವಾನಗಿರಿಗಳಲ್ಲಿ ಒಂದು. ಕೋಲಾರದ ಚಿನ್ನದ ಗಣಿಗಳು ವಿಶ್ವವಿಖ್ಯಾತವಾದದ್ದು ಇದೇ ಅವಧಿಯಲ್ಲಿ. ಗಣಿಗಳನ್ನು ನಡೆಸಿದವು ಲಂಡನ್ನಿನ ಕಂಪನಿಗಳು. ನೆಲ ಮಾತ್ರ ಮೈಸೂರಿನದು. ಪರದೇಶದ ಬಂಡವಾಳವನ್ನು ಬಳಸಿಕೊಂಡೂ ಸಂಸ್ಥಾನದ ಹಿತವನ್ನು ಎಷ್ಟರಮಟ್ಟಿಗೆ ಕಾಯ್ದುಕೊಳ್ಳಬಹುದು ಎಂಬ ಕಠಿಣ ಪ್ರಶ್ನೆಯನ್ನು ಅವರು ಎದುರಿಸಿದ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಅಂದಿನ ಮಲಬಾರ್ ಜಿಲ್ಲೆಯ ಪಾಲಕ್ಕಾಡಿನ ಸಮೀಪ ಜನಿಸಿದರು. ಕಲ್ಲಿಕೋಟೆಯಲ್ಲಿ ಶಿಕ್ಷಣ ಪಡೆದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವೀಧರರಾದರು. ಮುಂದೆ ಕಾನೂನು ಪದವಿಯನ್ನೂ ಸಂಪಾದಿಸಿದರು. ಪತ್ರಗಳ ಒಕ್ಕಣೆಯನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುವ ನ್ಯಾಯಶಾಸ್ತ್ರದ ಶಿಸ್ತು ಕರಾರು, ಗುತ್ತಿಗೆಗಳ ವ್ಯವಹಾರದಲ್ಲಿ ಅವರಿಗೆ ನೆರವಾಯಿತು.

ಮೈಸೂರು ಸೇವೆ

1868ರಲ್ಲಿ ಅವರು ಮೈಸೂರಿನ ಸೇವೆಗೆ ಸೇರಿದಾಗ ಸಂಸ್ಥಾನವು ಬ್ರಿಟಿಷ್ ಕಮೀಷನರ ಆಳ್ವಿಕೆಯಲ್ಲಿತ್ತು. ಮುಂದೆ ದಿವಾನರಾದ ಸಿ. ರಂಗಾಚಾರ್ಲು ಅವರ ಪರಿಚಯ ಮತ್ತು ಪ್ರೋತ್ಸಾಹ ಅವರಿಗೆ ದೊರೆತಿತ್ತು. ನ್ಯಾಯಾಂಗದ ಶಿರಸ್ತೇದಾರ್ ಹುದ್ದೆಯಿಂದ ಮೊದಲುಗೊಂಡು ಡೆಪ್ಯುಟಿ ಕಮೀಷನರ್, ಜಿಲ್ಲಾ ಹಾಗೂ ಸೆಷನ್ಸ್ ನ್ಯಾಯಾಧೀಶರ ಹುದ್ದೆಗಳವರೆಗೆ ಹಂತಹಂತವಾಗಿ ಮೇಲೇರಿದರು.

1876ರಿಂದ 1878ರವರೆಗೆ ಕಾಡಿದ ಮಹಾಕ್ಷಾಮವು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಬಲಿ ತೆಗೆದುಕೊಂಡಿತು. ಬೊಕ್ಕಸ ಬರಿದಾಗಿ ಸಾಲದ ಹೊರೆ ಬಿದ್ದಿತು. 1881ರಲ್ಲಿ ಅಧಿಕಾರವು ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ಬಂದಾಗ ಸಾಲವೂ ಅದರೊಂದಿಗೇ ಬಂದಿತು. ಬ್ರಿಟಿಷ್ ಸರ್ಕಾರಕ್ಕೆ ಪ್ರತಿ ವರ್ಷ 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕಾಗಿತ್ತು. ಅದನ್ನು 35 ಲಕ್ಷಕ್ಕೆ ಏರಿಸುವ ನಿರ್ಣಯವೂ ಆಗಿತ್ತು. ಆ ಏರಿಕೆಯನ್ನು 1896ರವರೆಗೆ ಮುಂದೂಡಲಾಯಿತು. 1883ರ ಜನವರಿಯಲ್ಲಿ ರಂಗಾಚಾರ್ಲು ಅವರು ನಿಧನರಾದರು. ಮರುತಿಂಗಳು, ತಮ್ಮ 37ನೆಯ ವಯಸ್ಸಿನಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿ ನೇಮಕಗೊಂಡರು.

ಗಣಿ ಹಕ್ಕಿನ ಹಿನ್ನೆಲೆ

ಕೋಲಾರದ ಸೀಮೆಯಲ್ಲಿ ಚಿನ್ನ ತೆಗೆಯುವ ಕಸುಬು ಬಹು ಪ್ರಾಚೀನವಾದುದು. ಸಂಸ್ಥಾನದ ಪೂರ್ವದ ಗಡಿಯನ್ನು 1802ರಲ್ಲಿ ಮೋಜಣಿ ಮಾಡುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಗೆ ಉರಿಗಾಂ, ಮಾರಿಕುಪ್ಪಂ ಗ್ರಾಮಗಳ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವ ಕ್ರಮವನ್ನು ತೋರಿಸಿಕೊಟ್ಟರು. ಹಳೆಯ ಗಣಿಗುಂಡಿಗಳಿಗೆ ಇಳಿದು ಬೆಣಚುಕಲ್ಲನ್ನು ಹೊತ್ತು ತರುವವರನ್ನೂ ಆತ ಕಂಡನು. ಆತನ ವರದಿಯು ಮುಂದಿನ ಅನ್ವೇಷಕರಿಗೆ ದಾರಿದೀಪವಾಯಿತು.

ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ವ್ಯಕ್ತಿಯು ಕೋಲಾರದಲ್ಲಿ ಗಣಿ ಕೆಲಸ ನಡೆಸಲು ಅನುಮತಿ ಕೋರಿ 1873ರಲ್ಲಿ ಅರ್ಜಿ ಸಲ್ಲಿಸಿದನು. ಅನುಮತಿ ದೊರೆತ ಮೇಲೆ 1875ರಲ್ಲಿ ಉರಿಗಾಂ ಬಳಿ ಬಾವಿ ತೋಡಿಸಿದನು. ಆದರೆ ಗಟ್ಟಿಬಂಡೆಯನ್ನು ಕೊರೆದು ಆಳಕ್ಕಿಳಿಯಲು ಬೇಕಾದ ಹಣ ಒಬ್ಬನ ಶಕ್ತಿಗೆ ಮೀರಿದ್ದಾಗಿತ್ತು. ಸರ್ಕಾರದ ಒಪ್ಪಿಗೆ ಪಡೆದು ಆತ ತನ್ನ ಹಕ್ಕನ್ನು ಮೇಜರ್ ಜನರಲ್ ಬೆರೆಸ್‌ಫೋರ್ಡ್ ಮತ್ತು ಆತನ ಸಂಗಡಿಗರ ಕೂಟಕ್ಕೆ ವರ್ಗಾಯಿಸಿದನು. ಈ ಕೂಟದವರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ತಂತ್ರಜ್ಞರ ಸಂಸ್ಥೆಯ ನೆರವು ಪಡೆದರು. ಬಳಿಕ ಲಂಡನ್ನಿನಲ್ಲಿ ಷೇರುಗಳನ್ನು ಮಾರಿ ಹಲವು ಕಂಪನಿಗಳನ್ನು ಹುಟ್ಟುಹಾಕಲಾಯಿತು. ಹೀಗೆ, ಒಬ್ಬ ವ್ಯಕ್ತಿಗೆ ನೀಡಿದ ಹಕ್ಕುಪತ್ರವು ಕೆಲವೇ ವರ್ಷಗಳಲ್ಲಿ ಕೈಯಿಂದ ಕೈಗೆ ದಾಟಿ, ಕೋಲಾರವನ್ನು ಎಂದೂ ನೋಡದ ಸಾವಿರಾರು ಷೇರುದಾರರ ಸ್ವತ್ತಾಯಿತು. ಇದೆಲ್ಲವೂ ಆರಂಭವಾದದ್ದು ಬ್ರಿಟಿಷ್ ಕಮೀಷನರ ಕಾಲದಲ್ಲಿ. ಶೇಷಾದ್ರಿ ಅಯ್ಯರ್ ಅವರಿಗೆ ಅದು ಪೂರ್ವಿಕರ ಕರಾರಿನಂತೆ ಬಂದ ಹೊಣೆಯಾಗಿತ್ತು.

ನಷ್ಟದಿಂದ ಲಾಭಕ್ಕೆ

1880ರ ಸುಮಾರಿನಲ್ಲಿ ನೆರೆಯ ವೈನಾಡಿನಲ್ಲಿ ಚಿನ್ನದ ಆಸೆಯಿಂದ ಹತ್ತಾರು ಕಂಪನಿಗಳು ಲಂಡನ್ನಿನಲ್ಲಿ ಸ್ಥಾಪನೆಗೊಂಡು, ಲಕ್ಷಾಂತರ ಪೌಂಡುಗಳನ್ನು ಸಂಗ್ರಹಿಸಿ, ಕೆಲವೇ ವರ್ಷಗಳಲ್ಲಿ ಮುಳುಗಿಹೋದವು. ಕೋಲಾರದ ಕಂಪನಿಗಳೂ ಅದೇ ಹಾದಿ ಹಿಡಿಯುವಂತೆ ತೋರಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾದ ವರ್ಷ ಅಲ್ಲಿನ ಗಣಿಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಿದ್ದವು. ಮೈಸೂರು ಕಂಪನಿಯ ಮೂಲಧನವೂ ಬಹುಪಾಲು ಕರಗಿಹೋಗಿತ್ತು. ಉಳಿದ ಹಣವನ್ನು ಷೇರುದಾರರಿಗೆ ಹಂಚಿ ಕೈತೊಳೆದುಕೊಳ್ಳುವುದೇ, ಇಲ್ಲವೇ ಇನ್ನೂ ಆಳಕ್ಕೆ ಇಳಿಯುವುದೇ ಎಂಬ ಚರ್ಚೆ ನಡೆದು, ಕೊನೆಗೆ ಇಳಿಯುವ ಪಕ್ಷವೇ ಗೆದ್ದಿತು. ಕ್ಯಾಪ್ಟನ್ ಪ್ಲಮರ್ ಎಂಬ ಅನುಭವಿ ಗಣಿಗಾರನ ಮೇಲ್ವಿಚಾರಣೆಯಲ್ಲಿ, ಹಿಂದಿನವರು ಕೆಲಸ ನಿಲ್ಲಿಸಿದ್ದ ಹಳೆಯ ಗಣಿಗಳ ಕೆಳಗೆ ಸಮೃದ್ಧವಾದ ಚಿನ್ನದ ಪದರವು ಪತ್ತೆಯಾಯಿತು. ಅದೇ ಚಾಂಪಿಯನ್ ಪದರ. ಮೈಸೂರು, ಉರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ ಕಂಪನಿಗಳು ಕ್ರಮೇಣ ಲಾಭದ ಹಾದಿ ಹಿಡಿದವು. 1905ರ ವೇಳೆಗೆ ವಾರ್ಷಿಕ ಉತ್ಪಾದನೆಯು 6 ಲಕ್ಷ ಔನ್ಸುಗಳನ್ನು ಮೀರಿತು.

ಇಂತಹ ಅನಿಶ್ಚಿತ ಉದ್ಯಮಕ್ಕೆ ಕ್ಷಾಮದಿಂದ ಬಳಲಿದ ಪ್ರಜೆಗಳ ತೆರಿಗೆಯ ಹಣವನ್ನು ಸಂಸ್ಥಾನವು ತೊಡಗಿಸುವಂತಿರಲಿಲ್ಲ. ಅಪಾಯವನ್ನು ಹೊರಲು ಸಿದ್ಧವಿದ್ದ ಹೊರಗಿನ ಬಂಡವಾಳಕ್ಕೆ ಅವಕಾಶ ನೀಡುವುದು ಅಂದಿನ ಸ್ಥಿತಿಯಲ್ಲಿ ಅನಿವಾರ್ಯವಾಗಿತ್ತು. ಆ ಅವಕಾಶಕ್ಕೆ ಪ್ರತಿಯಾಗಿ ಸಂಸ್ಥಾನಕ್ಕೆ ಏನು ದೊರೆಯಬೇಕು ಎಂಬುದೇ ಮುಖ್ಯ ವಿಷಯವಾಯಿತು.

ರಾಜಧನದ ಕ್ರಮ

ಕೋಲಾರದ ಗುತ್ತಿಗೆಗಳಲ್ಲಿ ರಾಜಧನವನ್ನು ಉತ್ಪಾದನೆಯಾದ ಚಿನ್ನದ ಒಟ್ಟು ಮೌಲ್ಯದ ಮೇಲೆ ಶೇಕಡಾ 5ರಂತೆ ವಸೂಲು ಮಾಡಲಾಗುತ್ತಿತ್ತು. ಈ ಕ್ರಮದ ಮಹತ್ವವನ್ನು ಅರಿಯುವುದು ಅಗತ್ಯ. ಲಾಭದ ಲೆಕ್ಕವು ಲಂಡನ್ನಿನ ಕಚೇರಿಯಲ್ಲಿ ಸಿದ್ಧವಾಗುತ್ತಿತ್ತು. ಯಂತ್ರಗಳ ಬೆಲೆ, ನಿರ್ದೇಶಕರ ಸಂಭಾವನೆ, ಕಚೇರಿಯ ವೆಚ್ಚ ಎಲ್ಲವನ್ನೂ ಕಳೆದ ನಂತರ ಉಳಿದುದಷ್ಟೇ ಲಾಭ. ಆದರೆ ಗಣಿಯಿಂದ ಹೊರಟ ಚಿನ್ನವನ್ನು ಕೋಲಾರದಲ್ಲಿಯೇ ತೂಗಬಹುದಾಗಿತ್ತು. ಕಂಪನಿಯು ಲಾಭ ಗಳಿಸಲಿ, ನಷ್ಟ ಅನುಭವಿಸಲಿ, ನೆಲದಿಂದ ಹೊರಬಂದ ಪ್ರತಿ ಔನ್ಸಿನಲ್ಲಿಯೂ ಮೈಸೂರಿನ ಪಾಲು ಇದ್ದೇ ಇರುತ್ತಿತ್ತು. ಭೂಕಂದಾಯವು ಮಳೆಯನ್ನು ಅವಲಂಬಿಸಿತ್ತು; ರಾಜಧನಕ್ಕೆ ಮಳೆಯ ಹಂಗಿರಲಿಲ್ಲ. ಬ್ರಿಟಿಷರಿಗೆ ಸಲ್ಲಬೇಕಾದ ಪೊಗದಿಯು 1896ರಿಂದ 35 ಲಕ್ಷಕ್ಕೆ ಏರಿದಾಗ ಈ ಆದಾಯವು ಬೊಕ್ಕಸಕ್ಕೆ ದೊಡ್ಡ ಆಸರೆಯಾಯಿತು.

ಇದೇ ಕಾಲದಲ್ಲಿ ನೆರೆಯ ಹೈದರಾಬಾದ್ ಸಂಸ್ಥಾನದಲ್ಲಿ ಬೇರೊಂದು ಘಟನೆ ನಡೆಯಿತು. ಇಂದಿನ ರಾಯಚೂರು, ಕಲಬುರಗಿ, ಬೀದರ್ ಪ್ರದೇಶಗಳೂ ಆಗ ಆ ಸಂಸ್ಥಾನಕ್ಕೆ ಸೇರಿದ್ದವು. 1886ರಲ್ಲಿ ಅಲ್ಲಿ 99 ವರ್ಷಗಳ ಅವಧಿಗೆ ವಿಸ್ತಾರವಾದ ಗಣಿ ಹಕ್ಕನ್ನು ನೀಡಲಾಯಿತು. ಹಕ್ಕು ಪಡೆದವರು ಲಂಡನ್ನಿನಲ್ಲಿ ಕಂಪನಿ ಸ್ಥಾಪಿಸಿ, ಅದರ ಬಹುಪಾಲು ಷೇರುಗಳನ್ನು ತಮ್ಮ ಹೆಸರಿಗೇ ಬರೆದುಕೊಂಡರು. ನಿಜಾಮರ ಸರ್ಕಾರಕ್ಕೂ ಷೇರುಗಳನ್ನು ದುಬಾರಿ ಬೆಲೆಗೆ ಮಾರಲಾಯಿತು. ವಿಷಯ ಬಯಲಾಗಿ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿತು. ಗಣಿ ಹಕ್ಕು ಎಂಬುದು ಅಗೆಯುವ ಮುನ್ನವೇ ಮಾರಾಟದ ಸರಕಾಗಬಲ್ಲುದು ಎಂಬ ಪಾಠವನ್ನು ಈ ಪ್ರಕರಣವು ದೇಶೀಯ ಸಂಸ್ಥಾನಗಳಿಗೆಲ್ಲ ಕಲಿಸಿತು.

ರೈಲು ಮತ್ತು ಭೂವಿಜ್ಞಾನ ಇಲಾಖೆ

ಗಣಿ ಪ್ರದೇಶಕ್ಕೆ ಬೇಕಾದ ಸೌಲಭ್ಯಗಳನ್ನು ಒದಗಿಸುವ ಕಾರ್ಯವನ್ನು ಸಂಸ್ಥಾನವೇ ಕೈಗೊಂಡಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಸುಮಾರು 10 ಮೈಲಿ ಉದ್ದದ ರೈಲುಮಾರ್ಗವು 1894ರಲ್ಲಿ ಆರಂಭವಾಯಿತು.

ಅದೇ 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯು ಸ್ಥಾಪನೆಗೊಂಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದೀರ್ಘಕಾಲ ದುಡಿದಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರು ಇದರ ಮುಖ್ಯಸ್ಥರಾದರು. ಅಲ್ಲಿಯವರೆಗೆ ಭೂಗರ್ಭದ ಸಂಪತ್ತಿನ ಬಗ್ಗೆ ಹಕ್ಕು ಕೋರಿ ಬಂದವರೇ ಹೆಚ್ಚು ಬಲ್ಲವರಾಗಿರುತ್ತಿದ್ದರು. ತನ್ನ ನೆಲದಡಿಯಲ್ಲಿ ಏನಿದೆ ಎಂಬುದನ್ನು ತಿಳಿಯದ ಸರ್ಕಾರವು ಗುತ್ತಿಗೆಯ ಮಾತುಕತೆಯಲ್ಲಿ ಎಂದಿಗೂ ಸಮಬಲವಾಗಿ ಕೂರಲಾರದು. ಈ ದೃಷ್ಟಿಯಿಂದ ಇಲಾಖೆಯ ಸ್ಥಾಪನೆಯು ದೂರದೃಷ್ಟಿಯ ಕ್ರಮವಾಗಿತ್ತು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲವೂ ಇದೇ ಆಗಿದೆ.

ಶಿವನಸಮುದ್ರದ ವಿದ್ಯುತ್ತು

ಆಳದ ಗಣಿಯಿಂದ ನೀರೆತ್ತಲು, ಅದಿರನ್ನು ಮೇಲಕ್ಕೆ ತಂದು ಕುಟ್ಟಿ ಪುಡಿ ಮಾಡಲು ಅಪಾರವಾದ ಶಕ್ತಿ ಬೇಕಾಗಿತ್ತು. ಉಗಿಯಂತ್ರಗಳಿಗೆ ಸೌದೆ ಹಾಗೂ ದೂರದಿಂದ ತರಿಸಿದ ಕಲ್ಲಿದ್ದಲೇ ಆಧಾರವಾಗಿತ್ತು, ವೆಚ್ಚವೂ ವಿಪರೀತವಾಗಿತ್ತು. ಕಾವೇರಿಯ ಶಿವನಸಮುದ್ರ ಜಲಪಾತದ ನೀರಿನ ಬಲವನ್ನು ಬಳಸಿಕೊಳ್ಳುವ ಹಕ್ಕನ್ನು ತಮಗೆ ನೀಡಬೇಕೆಂದು ಖಾಸಗಿಯವರಿಂದ ಕೋರಿಕೆಗಳು ಬಂದವು. ಚಿನ್ನದ ವಿಷಯದಲ್ಲಿ ನಡೆದಂತೆಯೇ ಜಲಪಾತವನ್ನೂ ಗುತ್ತಿಗೆಗೆ ಒಪ್ಪಿಸುವ ದಾರಿ ಸುಲಭವಾಗಿತ್ತು. ಶೇಷಾದ್ರಿ ಅಯ್ಯರ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. ಸಂಸ್ಥಾನವೇ ಹಣ ತೊಡಗಿಸಿ ವಿದ್ಯುತ್ ಉತ್ಪಾದಿಸಿ, ಗಣಿ ಕಂಪನಿಗಳಿಗೆ ಮಾರುವ ಯೋಜನೆಯನ್ನು ಅವರು ಮುಂದಿಟ್ಟರು.

ವಿದ್ಯುತ್ತನ್ನು ಅಷ್ಟು ದೂರ ಸಾಗಿಸುವುದು ಸಾಧ್ಯವೇ ಎಂಬ ಸಂಶಯ ಅಂದು ಸಹಜವಾಗಿತ್ತು. ಸಂಸ್ಥಾನದ ಉಪ ಮುಖ್ಯ ಇಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಅವರನ್ನು ಯೂರೋಪ್ ಮತ್ತು ಅಮೆರಿಕಗಳಿಗೆ ಕಳುಹಿಸಿ ಅಧ್ಯಯನ ಮಾಡಿಸಲಾಯಿತು. ಗಣಿ ಕಂಪನಿಗಳೊಂದಿಗೆ ಮೊದಲೇ ಕರಾರು ಮಾಡಿಕೊಳ್ಳಲಾಗಿದ್ದುದರಿಂದ ಉತ್ಪಾದಿಸಿದ ವಿದ್ಯುತ್ತಿಗೆ ಖರೀದಿದಾರರು ಖಚಿತವಾಗಿ ದೊರೆತಂತಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳೂ, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯ ಜಲಚಕ್ರಗಳೂ ಬಂದವು. ರೈಲು ತಲುಪದ ಶಿವನಸಮುದ್ರಕ್ಕೆ ಅವುಗಳನ್ನು ಎತ್ತಿನ ಗಾಡಿ ಮತ್ತು ಆನೆಗಳ ನೆರವಿನಿಂದ ಸಾಗಿಸಲಾಯಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅದು ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಇದೇ ವಿದ್ಯುತ್ತಿನಿಂದ 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪಗಳು ಬಂದವು.

ಕರಾರಿನ ಮಿತಿಗಳು

ಈ ಸಾಧನೆಗಳ ಜೊತೆಗೆ ಮಿತಿಗಳನ್ನೂ ಗಮನಿಸುವುದು ನ್ಯಾಯ. ಸಂಸ್ಥಾನಕ್ಕೆ ಸಂದ ರಾಜಧನಕ್ಕಿಂತ ಹಲವು ಪಟ್ಟು ಹೆಚ್ಚಿನ ಮೊತ್ತವು ಲಾಭಾಂಶದ ರೂಪದಲ್ಲಿ ಲಂಡನ್ನಿನ ಷೇರುದಾರರನ್ನು ಸೇರಿತು. ಚಿನ್ನವೂ ಹಡಗೇರಿ ಅಲ್ಲಿಗೇ ಹೋಯಿತು. ಯೂರೋಪಿಯನ್ನರ ಮೇಲಿನ ನ್ಯಾಯಾಧಿಕಾರವು ಸಂಸ್ಥಾನಕ್ಕೆ ಪೂರ್ಣವಾಗಿ ಇಲ್ಲದಿದ್ದುದರಿಂದ ಕಂಪನಿಗಳ ಮೇಲೆ ಹಿಡಿತ ಸಾಧಿಸುವುದೂ ಸುಲಭವಾಗಿರಲಿಲ್ಲ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಮುಂತಾದ ಕಡೆಗಳಿಂದ ಬಂದ ತಮಿಳು, ತೆಲುಗು ಮಾತನಾಡುವ ಸಾವಿರಾರು ಕಾರ್ಮಿಕರು ನೆಲದಡಿಯ ಬಿಸಿಯಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದರು. ಕಲ್ಲಿನ ಧೂಳು ಅವರ ಶ್ವಾಸಕೋಶವನ್ನು ಹೊಕ್ಕಿತು. ಗುತ್ತಿಗೆಯ ಪತ್ರದಲ್ಲಿ ಸಂಸ್ಥಾನದ ಪಾಲೂ ಕಂಪನಿಯ ಪಾಲೂ ನಮೂದಾಗಿದ್ದವು. ಈ ಕಾರ್ಮಿಕರಿಗೆ ಅದರಲ್ಲಿ ಪಾಲಿರಲಿಲ್ಲ.

ಇತರ ಕಾರ್ಯಗಳು ಮತ್ತು ಕೊನೆಯ ದಿನಗಳು

ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೈಲುಮಾರ್ಗಗಳು ವಿಸ್ತರಿಸಿದವು. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ಬಂದಿತು. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಪ್ರಾರಂಭವಾಯಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. 1893ರಲ್ಲಿ ಅವರಿಗೆ ಕೆ.ಸಿ.ಎಸ್.ಐ. ಗೌರವ ಲಭಿಸಿತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಅವರು ಅಕಾಲಿಕವಾಗಿ ನಿಧನರಾದಾಗ, ರೀಜೆಂಟರಾದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಅಧೀನದಲ್ಲಿ ಅವರು ಆಡಳಿತವನ್ನು ಮುನ್ನಡೆಸಿದರು.

ಆರೋಗ್ಯ ಕೆಟ್ಟುದರಿಂದ ಅವರು 1901ರಲ್ಲಿ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ತಲುಪಲು ಇನ್ನೂ ಒಂಬತ್ತು ತಿಂಗಳು ಬಾಕಿ ಇತ್ತು. ತಮ್ಮ ಬಹುದೊಡ್ಡ ಯೋಜನೆಯ ಫಲವನ್ನು ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ.

ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ, ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಅನಾವರಣಗೊಂಡ ಅವರ ಪ್ರತಿಮೆ ಮತ್ತು ಅಲ್ಲಿಯೇ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿವೆ. ಕೋಲಾರದ ಗಣಿಗಳು 1956ರಲ್ಲಿ ಸರ್ಕಾರದ ಒಡೆತನಕ್ಕೆ ಬಂದು, ಸುಮಾರು 800 ಟನ್ ಚಿನ್ನವನ್ನು ನೀಡಿದ ಬಳಿಕ, 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಕಂಪನಿಗಳು ಬಿಟ್ಟುಹೋದದ್ದು ಸೈನೈಡ್ ಗುಡ್ಡಗಳನ್ನು. ಸಂಸ್ಥಾನವು ತನ್ನದಾಗಿಯೇ ಉಳಿಸಿಕೊಂಡ ಜಲಪಾತದ ಶಕ್ತಿಯಾದರೋ ಗಣಿಗಳಿಗೂ ಮಿಗಿಲಾಗಿ ಬಾಳಿ ನಾಡಿಗೆ ಬೆಳಕು ನೀಡಿತು.