ಹರಿಹರದ ನೆಲದಡಿಯ ಸಮುದ್ರ

ಮಕ್ಕಳೇ, ನಿಮ್ಮಲ್ಲಿ ಕೆಲವರು ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದಿರಬಹುದು. ಆ ಕಣಿವೆಯ ತಳದ ಅತ್ಯಂತ ಹಳೆಯ ಬಂಡೆಗೆ ಸುಮಾರು 184 ಕೋಟಿ ವರ್ಷ. ಈಗ ದಾವಣಗೆರೆ ಜಿಲ್ಲೆಗೆ ಬನ್ನಿ. ಚನ್ನಗಿರಿ ತಾಲ್ಲೂಕಿನಲ್ಲಿ ದಾಗಿನಕಟ್ಟೆ ಎಂಬ ಊರಿದೆ. ಅಲ್ಲಿನ ಜ್ವಾಲಾಮುಖಿ ಶಿಲೆಯೊಳಗಿನ ಜಿರ್ಕಾನ್ ಹರಳುಗಳ ವಯಸ್ಸು 1996ರಲ್ಲಿ ಪ್ರಕಟವಾಯಿತು: ಸುಮಾರು 261 ಕೋಟಿ ವರ್ಷ. ಜಿರ್ಕಾನ್‌ನಲ್ಲಿರುವ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಅಜ್ಜಿಯ ಊರು ಎಂದರೆ ಬೆಣ್ಣೆದೋಸೆ, ಮಂಡಕ್ಕಿ ಎಂದಷ್ಟೇ ತಿಳಿದಿದ್ದರೆ ಈ ಲೆಕ್ಕವನ್ನೂ ಅದರ ಜೊತೆ ಸೇರಿಸಿಕೊಳ್ಳಿ.

ದಾಗಿನಕಟ್ಟೆಯದೂ ಸೇರಿ ಈ ಸೀಮೆಯ ಹಳೆಯ ಶಿಲೆಗಳಿಗೆ ಮೊದಲು ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ, ದಕ್ಷಿಣ ಭಾರತವನ್ನೆಲ್ಲ ಸುತ್ತಿದವರು. 1880ರ ದಶಕದಲ್ಲಿ ಇಡೀ ಶಿಲಾಸಮೂಹಕ್ಕೆ ಅವರು ಧಾರವಾಡದ ಹೆಸರನ್ನಿಟ್ಟರು. ಜಗತ್ತಿನ ಯಾವ ಮೂಲೆಯಲ್ಲಿ ಅತಿ ಹಳೆಯ ಶಿಲೆಗಳ ಮಾತು ಬಂದರೂ ನಮ್ಮ ಧಾರವಾಡದ ಹೆಸರು ಬರುವುದು ಹೀಗೆ. ದಕ್ಷಿಣ ಭಾರತದ ಚಿನ್ನ ಹೆಚ್ಚಾಗಿ ಇದೇ ಶಿಲೆಗಳಲ್ಲಿದೆ ಎಂದು ತೋರಿಸಿದವರೂ ಅವರೇ. ಹೊನ್ನಾಳಿ ಸೀಮೆಯ ಚಿನ್ನದ ಕಲ್ಲು ಈ ಗುಂಪಿನದೇ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದದ್ದೂ ಫೂಟ್.

ಆಮೇಲೆ ಒಂದು ದೊಡ್ಡ ಜಗಳ ಶುರುವಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಧಾರವಾಡ ಶಿಲೆಗಳಲ್ಲಿ ಬಹುಪಾಲು ನೀರಿನಡಿ ಕೂತ ಕೆಸರು, ಮರಳಿನಿಂದ ಆದವು ಎಂದು ಫೂಟ್ ನಂಬಿದ್ದರು. ಅವರ ನಂತರ ಇಲಾಖೆಯ ಚುಕ್ಕಾಣಿ ಹಿಡಿದ ಸ್ಮೀತ್ ಒಪ್ಪಲಿಲ್ಲ. ಎಲ್ಲವೂ ಅಗ್ನಿಶಿಲೆಯೇ, ಪದರಿನಂತೆ ಕಾಣುವುದು ಬರೀ ಒತ್ತಡದಿಂದ ಎಂದರು. ಅವರು ಮೇಲಧಿಕಾರಿ, ಆ ಮಾತು ಬಹುಕಾಲ ನಡೆಯಿತು. ಅದನ್ನು ಬದಲಿಸಿದವರು ಇಲ್ಲೇ ಓದಿ ಬೆಳೆದ ಭೂವಿಜ್ಞಾನಿಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಿ. ಎಸ್. ಪಿಚ್ಚಮುತ್ತು, ಇಲಾಖೆಯ ಬಿ. ರಾಮರಾವ್ ಬಂಡೆಗಳ ಮೇಲೆ ಅಲೆಯ ಗುರುತು ಹುಡುಕಿದರು, ಪ್ರವಾಹ ಓರೆಯಾಗಿ ಹಾಸಿದ ಮರಳಿನ ಪದರ ಹುಡುಕಿದರು. ಕರಗಿದ ಕಲ್ಲಿನಲ್ಲಿ ಇಂಥ ಅಲೆಯ ಗುರುತು ಮೂಡುವುದಿಲ್ಲ. ಕಣ್ಣಿಗೆ ಕಂಡ ಸಾಕ್ಷಿಯ ಮುಂದೆ ಅಧಿಕಾರದ ಮಾತು ನಿಲ್ಲಲಿಲ್ಲ.

ಹರಿಹರ, ರಾಣೆಬೆನ್ನೂರುಗಳ ಸುತ್ತ ಸಿಗುವ ಗ್ರೇವ್ಯಾಕ್ ಎಂಬ ಕಲ್ಲನ್ನೇ ತೆಗೆದುಕೊಳ್ಳಿ. ಹೊರಮೈ ಮಳೆಬಿಸಿಲಿಗೆ ಕಂದಾಗಿರುತ್ತದೆ. ಹೊಸದಾಗಿ ಒಡೆದ ಮೈ ಹಸಿರು ಬೆರೆತ ಬೂದು ಬಣ್ಣ. ಭೂತಗನ್ನಡಿ ಹಿಡಿದರೆ ಬೆಣಚುಕಲ್ಲಿನ ಚೂರುಗಳು ಕಾಣುತ್ತವೆ. ಅವು ಹೊಳೆಯ ಗುಂಡುಕಲ್ಲಿನಂತೆ ನುಣುಪಾಗಿರುವುದಿಲ್ಲ, ಮೂಲೆ ಮೊನಚಾಗಿರುತ್ತವೆ. ಸುತ್ತ ಗಟ್ಟಿಯಾದ ಜೇಡಿ. ಅಂದರೆ ಈ ಚೂರುಗಳು ಬಹಳ ದೂರ ಉರುಳಿ ಸವೆಯುವ ಮೊದಲೇ, ಕೆಸರಿನ ಜೊತೆಗೇ ಸಮುದ್ರದ ಆಳಕ್ಕೆ ಜಾರಿ ಬಿದ್ದಿವೆ.

ಅದು ಹೇಗೆಂದು ನೀವೇ ನೋಡಬಹುದು. ಉದ್ದನೆಯ ಗಾಜಿನ ಬಾಟಲಿಗೆ ಒಂದು ಹಿಡಿ ಗರಸು, ಒಂದು ಹಿಡಿ ಮರಳು, ಒಂದು ಹಿಡಿ ಜೇಡಿಮಣ್ಣು ಹಾಕಿ, ನೀರು ತುಂಬಿ ಕುಲುಕಿ ಇಡಿ. ಗರಸು ಕೂಡಲೇ ಕೂರುತ್ತದೆ, ಅದರ ಮೇಲೆ ಮರಳು. ಜೇಡಿ ಮಾತ್ರ ಮರುದಿನದವರೆಗೂ ತೇಲುತ್ತಿರಬಹುದು. ನೀರು ತಿಳಿಯಾದ ಮೇಲೆ ಅದೇ ಮಿಶ್ರಣವನ್ನು ಇನ್ನೊಮ್ಮೆ ಮೆಲ್ಲಗೆ ಸುರಿಯಿರಿ. ಹಳೆಯದರ ಮೇಲೆ ಅದೇ ಕ್ರಮದಲ್ಲಿ ಪದರಗಳು ಮತ್ತೆ ಬರುತ್ತವೆ. ಬಂಡೆಯಲ್ಲಿ ಇಂಥ ಪದರ ಕಂಡರೆ ಯಾವುದು ತಳ, ಯಾವುದು ಮೇಲ್ಭಾಗ ಎಂದು ಹೇಳಬಹುದು. ಭೂಮಿಯ ಒತ್ತಡಕ್ಕೆ ಮಡಿಚಿ ತಲೆಕೆಳಗಾದ ಪದರವನ್ನೂ ಗುರುತಿಸಬಹುದು.

ಸ್ಕಾಟ್ಲೆಂಡಿನಲ್ಲಿರುವ ನಮ್ಮ ಕನ್ನಡದ ಮಕ್ಕಳು ಸಿಕ್ಕರ್ ಪಾಯಿಂಟ್‌ಗೆ ಹೋಗಲೇಬೇಕು. 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಅಲ್ಲಿ ನೆಟ್ಟಗೆ ನಿಂತ ಪದರಗಳನ್ನೂ ಅವುಗಳ ಮೇಲೆ ಬೇರೆ ಕಾಲದ ಕೆಂಪು ಮರಳುಗಲ್ಲನ್ನೂ ತೋರಿಸಿ, ಭೂಮಿಯ ವಯಸ್ಸು ಊಹೆಗೆ ನಿಲುಕದಷ್ಟು ದೊಡ್ಡದು ಎಂದು ಗೆಳೆಯರಿಗೆ ಮನದಟ್ಟು ಮಾಡಿದರು. ಆ ನೆಟ್ಟಗಿನ ಕಲ್ಲೂ ಗ್ರೇವ್ಯಾಕೇ. ಹರಿಹರದ ಕಲ್ಲು ಅದಕ್ಕಿಂತ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು ಹಿರಿದು.

ಊರಿನಲ್ಲಿರುವ ನಿಮ್ಮ ಅಣ್ಣ ಅಕ್ಕಂದಿರಿಗೆ ಶಿಲೆಗಳ ಪಾಠ ಬರುವುದು ಸಮಾಜ ವಿಜ್ಞಾನದ ಭೂಗೋಳ ಭಾಗದಲ್ಲಿ. ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಒಂದು ಐಚ್ಛಿಕ ವಿಷಯ, ಆರಿಸಿಕೊಳ್ಳುವವರು ಕಡಿಮೆ. ಸಿವಿಲ್ ಎಂಜಿನಿಯರಿಂಗ್ ಸೇರಿದವರು ಅಣೆಕಟ್ಟು, ಸುರಂಗಗಳ ನೆಪದಲ್ಲಿ ಅಷ್ಟಿಷ್ಟು ಕಲಿಯುತ್ತಾರೆ. ಇಷ್ಟು ಸಾಲದು ಎಂದು ನನಗೆ ಅನಿಸುತ್ತದೆ. ಕೊಳವೆಬಾವಿ ಎಲ್ಲಿ ಕೊರೆಯಬೇಕು, ಹೊಳೆಯ ಮರಳನ್ನು ಎಷ್ಟು ತೆಗೆಯಬಹುದು ಎಂಬುದು ಪ್ರತಿ ಮನೆಗೂ ಬೇಕಾದ ತಿಳಿವಳಿಕೆ. ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ (1918–2012) ಇದನ್ನು ಬಲ್ಲವರಾಗಿದ್ದರು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು. ಅದರ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು, ಕನ್ನಡದಲ್ಲೂ ಬರೆದರು. 1991ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ರಜೆಗೆ ಊರಿಗೆ ಹೋದಾಗ ಹರಿಹರೇಶ್ವರ ಗುಡಿಯ ಕಂಬಗಳನ್ನು ಹತ್ತಿರದಿಂದ ನೋಡಿ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಮೆದುವಾದ ಬಳಪದ ಕಲ್ಲು ಸಿಕ್ಕಿದ್ದರಿಂದಲೇ ಶಿಲ್ಪಿಗಳಿಗೆ ಕಂಬವನ್ನು ಅಷ್ಟು ದುಂಡಗೆ ತಿರುಗಿಸಲು ಸಾಧ್ಯವಾಯಿತು. ಇನ್ನೊಂದು ದಿನ ಬಿಡುವಿದ್ದರೆ ಮಾವನನ್ನೋ ಚಿಕ್ಕಪ್ಪನನ್ನೋ ಕಾಡಿ ಚಿತ್ರದುರ್ಗದಾಚೆಯ ಮರಡಿಹಳ್ಳಿಗೆ ಕರೆದುಕೊಂಡು ಹೋಗಿ. ಅಲ್ಲಿನ ಬಂಡೆಯ ತುಂಬ ದಿಂಬು ಪೇರಿಸಿದಂಥ ಉಬ್ಬುಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಥಟ್ಟನೆ ತಣಿದಾಗ ಮಾತ್ರ ಈ ಆಕಾರ ಬರುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಒಯ್ಯಬೇಡಿ. ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನಿಡಿ, ಜಾಗದ ಹೆಸರು, ದಿನಾಂಕ ಬರೆದುಕೊಳ್ಳಿ, ಬಂದ ಮೇಲೆ ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.